ಬಾಗಿಲಿಂದ ಮೂಲೆಗೆ

ನಮ್ಮ ಮನೆಯಲ್ಲಿ ನೆಲ ಸಾರಿಸುವುದಕ್ಕೆ ಒಂದೇ ಕ್ರಮವಿತ್ತು. ಬಾಗಿಲಿಗೆ ದೂರವಾದ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಸಗಣಿ ಬಗ್ಗಡವನ್ನು ಅಂಗೈಯಲ್ಲಿ ಬಳಿಯುತ್ತ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಾಗಿಲಿಗೆ ಬರಬೇಕು. ಹೊಸ್ತಿಲು ದಾಟಿ ಹೊರಗೆ ನಿಂತಾಗ ಕೆಲಸ ಮುಗಿದಿರಬೇಕು. ಆಮೇಲೆ ನೆಲ ಒಣಗುವ ತನಕ ಅದರ ಮೇಲೆ ಯಾರೂ ಕಾಲಿಡುವಂತಿಲ್ಲ. ಕೋಳಿ ನುಗ್ಗಿದರೆ ಏಟು, ಮಗು ನುಗ್ಗಿದರೆ ಏಟು. ತೋಟದಿಂದ ಹಸಿದು ಬಂದ ಅಪ್ಪ ಕೂಡ ಹೊರಗಿನ ಕಲ್ಲಿನ ಮೇಲೆ ಬೀಡಿ ಹಚ್ಚಿಕೊಂಡು ಕಾಯಬೇಕು. ಆ ಮನೆಯಲ್ಲಿ ಗಂಡಸರನ್ನು ತಡೆದು ನಿಲ್ಲಿಸುವ ಅಧಿಕಾರವಿದ್ದದ್ದು ಒದ್ದೆ ನೆಲಕ್ಕೆ ಮಾತ್ರ. ಶುಭಕಾರ್ಯಕ್ಕೆ ಸಾರಿಸಿದ ನೆಲವಾದರಂತೂ ಮುಗಿಯಿತು, ಅದರ ಮೇಲೆ ಹೆಜ್ಜೆ ಮೂಡಿದರೆ ತುಳಿದವರ ಮನೆ ಹಾಳಾಗುತ್ತದೆ ಎಂದು ಅಪ್ಪನ ತಾಯಿ, ನಮ್ಮಜ್ಜಿ, ಎಲೆಯಡಿಕೆ ಉಗಿದು ಹೇಳುತ್ತಿದ್ದಳು. ನಾನು ನಂಬಿದ್ದೆ. ಅವ್ವ ನನಗಿಂತ ಹೆಚ್ಚು ನಂಬಿದ್ದಳು.

ಈಗ ನನಗೆ ಅರವತ್ತು ದಾಟಿದೆ. ದಿಂಡಿಗಲ್ಲಿನ ಹೊರಗೆ, ಹಿಂದೆ ಬೀಗ ತಯಾರಿಸುತ್ತಿದ್ದ ಒಂದು ತಗಡಿನ ಶೆಡ್ಡಿನಲ್ಲಿ ಚಿತ್ರ ಬರೆಯುತ್ತೇನೆ. ಲಾರಿಗೆ ಹೊದಿಸುವಂಥ ದಪ್ಪ ಬಟ್ಟೆಯನ್ನು ನೆಲದ ತುಂಬ ಹಾಸಿ, ಬಾಗಿಲ ಕಡೆಯಿಂದ ಶುರುಮಾಡಿ ಒಳಗೆ ಒಳಗೆ ಹೋಗುತ್ತೇನೆ. ಕೊನೆಗೆ ಬೆನ್ನು ಗೋಡೆಗೆ ತಾಗುತ್ತದೆ, ಮುಂದೆಲ್ಲ ಹಸಿ ಬಣ್ಣ. ಅದು ಕೆನೆಗಟ್ಟಿ ಒಣಗುವವರೆಗೆ ನಾನು ಆ ಮೂಲೆಯಲ್ಲಿ ಬಂದಿ. ಕುಡಿಯಲು ನೀರಿನ ಬಾಟಲಿ, ತಿನ್ನಲು ಕಡಲೆ ಮಿಠಾಯಿ ಮೊದಲೇ ಅಲ್ಲಿಟ್ಟುಕೊಂಡಿರುತ್ತೇನೆ. ಇದಕ್ಕೆ ನೋಡುವವರು ದೊಡ್ಡ ದೊಡ್ಡ ಅರ್ಥ ಹೇಳುತ್ತಾರೆ. ಹೇಳಿಕೊಳ್ಳಲಿ, ನನ್ನ ಗಂಟೇನು ಹೋಗುವುದಿಲ್ಲ. ನಾನು ಇದನ್ನು ಕಲಿತದ್ದು ತಮಿಳುನಾಡಿನ ಹನುಮಂತನಪಟ್ಟಿಯಲ್ಲಿ, ಕನ್ನಡ ಮನೆಮಾತಿನ ನಮ್ಮ ಮನೆಯ ಮದ್ದಿನ ಕೋಣೆಯಲ್ಲಿ.

ಮದ್ದಿನ ಕೋಣೆ ಅಂದರೆ ಔಷಧಿಯದಲ್ಲ, ದ್ರಾಕ್ಷಿಗೆ ಹೊಡೆಯುವ ಮದ್ದಿನದು. ನಮಗೆ ಊರಾಚೆ ದ್ರಾಕ್ಷಿ ಚಪ್ಪರವಿತ್ತು. ಬಳ್ಳಿಗೆ ರೋಗ ಹತ್ತದಿರಲೆಂದು ಅಪ್ಪ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆಯುತ್ತಿದ್ದ. ಮೇಲಿನ ಚಪ್ಪರಕ್ಕೆ ಹೊಡೆದದ್ದು ಅರ್ಧ ಅವನ ಮೇಲೆಯೇ ಸುರಿಯುತ್ತಿತ್ತು. ಅವನ ಬನೀನು, ತಲೆವಸ್ತ್ರ, ಕಿವಿಯ ಹಿಂಭಾಗ, ಉಗುರು, ಎಲ್ಲವೂ ತಿಳಿನೀಲಿ. ಊಟಕ್ಕೆ ಕೂತಾಗ ಅವ್ವ ಅವನ ಕೈಗೆ ಹುಣಸೆಹಣ್ಣು ಹಾಕಿ ತಿಕ್ಕುವಳು. ಅಷ್ಟು ತಿಕ್ಕಿದರೂ ಅನ್ನದ ಪಕ್ಕದಲ್ಲಿ ನೀಲಿ ಬೆರಳು ಕಾಣುತ್ತಿತ್ತು. ಪಂಪಿನ ಮೂತಿ ಕಟ್ಟಿಕೊಂಡಿದೆಯೋ ಇಲ್ಲವೋ ನೋಡಲು ಅಪ್ಪ ಮೊದಲು ಮದ್ದಿನ ಕೋಣೆಯ ಗೋಡೆಗೆ ಒಂದು ಸಲ ಚಿಮ್ಮಿಸುತ್ತಿದ್ದ. ಹೀಗೆ ಬಹಳ ಕಾಲ ಚಿಮ್ಮಿಸಿ ಚಿಮ್ಮಿಸಿ ಆ ಗೋಡೆ ಒಂದು ವಿಚಿತ್ರ ರೂಪ ತಾಳಿತ್ತು. ಒಂದರ ಮೇಲೊಂದು ನೀಲಿ ಹನಿಗಳು, ಕೆಳಗಿಳಿದ ಗೆರೆಗಳು, ನಡುನಡುವೆ ಸುಣ್ಣದ ಬಿಳಿ ಹೊಪ್ಪಳೆ. ಯಾರೂ ಅದನ್ನು ನೋಡುತ್ತಿರಲಿಲ್ಲ. ನಾನೂ ಆ ಕೋಣೆಯೊಳಗೆ ಬೀಳುವವರೆಗೆ ನೋಡಿರಲಿಲ್ಲ.

ನಾನು ದೊಡ್ಡವಳಾದಾಗ ಎಂಟನೆಯ ತರಗತಿಯಲ್ಲಿದ್ದೆ. ನಮ್ಮಲ್ಲಿ ಹುಡುಗಿ ಮೈನೆರೆದರೆ ತಾಯಿಯ ಅಣ್ಣ ಬಂದು ಹಿತ್ತಿಲಲ್ಲಿ ಹಸಿ ಸೊಪ್ಪಿನ ಗುಡಿಸಲು ಕಟ್ಟಬೇಕು. ಅವ್ವನ ತವರೂರು ತೇವಾರದಿಂದ ಮಾಮ ಬಂದ. ಅವ್ವನಿಗೆ ಹೆತ್ತವರ ನೆನಪೇ ಇರಲಿಲ್ಲ. ಅವಳನ್ನು ಎತ್ತಿ ಆಡಿಸಿ, ಬೆಳೆಸಿ, ಮದುವೆ ಮಾಡಿ ಕಳಿಸಿದವನು ಈ ಅಣ್ಣನೇ. ಪ್ರತಿ ಪೊಂಗಲಿಗೆ ಕಬ್ಬಿನ ಜಲ್ಲೆ, ಅರಿಸಿನದ ಗಿಡ, ಒಂದು ಸೀರೆ ಹೊತ್ತುಕೊಂಡು ಬಂದು ನಡುಮನೆಯಲ್ಲಿ ಇಳಿಸುತ್ತಿದ್ದ. ಅವನು ಬರುವ ದಿನ ಅವ್ವ ಬೆಳಿಗ್ಗೆಯಿಂದ ಬಾಗಿಲಿಗೂ ಒಲೆಗೂ ಓಡಾಡುವುದನ್ನು ನೋಡಿ ಅಜ್ಜಿ ಮೂತಿ ತಿರುವುತ್ತಿದ್ದಳು. ಆ ಮಾಮ ಬೇವಿನ ಸೊಪ್ಪು, ತೆಂಗಿನ ಗರಿ ತಂದು ತನ್ನ ಕೈಯಾರೆ ಗುಡಿಸಲು ಕಟ್ಟಿದ. ನಾನು ಅದರೊಳಗಿದ್ದೆ. ಸಡಂಗು ಎಂದು ಕರೆಯುವ ಆ ಶಾಸ್ತ್ರ ಮುಗಿದ ಮೇಲೆ ಅದಕ್ಕೆ ಬೆಂಕಿಯಿಟ್ಟರು. ಹಸಿ ಗರಿ ಚಟಪಟ ಸಿಡಿದು ಉರಿಯುವಾಗ ಹೆಂಗಸರೆಲ್ಲ ನಕ್ಕರು, ನನಗೂ ಸಂತೋಷವಾಯಿತು. ಇನ್ನು ಹೊರಗೆ ಬಂದೆ ಎಂದುಕೊಂಡೆ. ಎಂಥ ಪೆದ್ದಿ! ಗುಡಿಸಲು ಕಟ್ಟಿದ ಕೈಗೆ ಹುಡುಗಿಯನ್ನು ತನ್ನ ಮಗನಿಗೆ ಕೇಳುವ ಹಕ್ಕೂ ಬಂದಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಮರುದಿನ ಸೋಮವಾರ. ಶಾಲೆಯ ಚೀಲ ಹುಡುಕಿದೆ, ಸಿಗಲಿಲ್ಲ. ಅಜ್ಜಿಯನ್ನು ಕೇಳಿದೆ.

"ಪಳ್ಳಿಕೂಡನಾ? ಸಡಂಗಾದ ಪುಳ್ಳೆ ರೋಡ್‌ನಾಗೆ ನಡ್ಕಂಡ್ ಓಗ್ತಾಳಾ? ಮಾಮನ ಮಗ ಅವ್ನೆ. ಇನ್ನೇನ್ ಬೇಕು ನಿಂಗೆ?"

"ಪರೀಕ್ಷೆ ಐತೆ ಅಜ್ಜಿ."

"ಆಮಾ, ಅವ್ನ ಮನೇಲಿ ಬಂದು ಕೇಳ್ತಾರೆ ನಿನ್ ಪರೀಕ್ಷೆ."

ಮಾಮನ ಮಗ ಕೆಟ್ಟವನಲ್ಲ. ಬೆಟ್ಟದ ಮೇಲಿನ ಎಸ್ಟೇಟುಗಳಿಂದ ಬೋಡಿನಾಯಕನೂರಿಗೆ ಏಲಕ್ಕಿ ಮೂಟೆ ಇಳಿಸುವ ಲಾರಿ ಓಡಿಸುತ್ತಿದ್ದ. ನಾನು ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಲೆಮನೆಗೆ ಕರೆದುಕೊಂಡು ಹೋಗಿದ್ದ. ಅದೇ ನನ್ನ ಸಂಕಟ. ಹೆಗಲ ಮೇಲೆ ಕೂರಿಸಿಕೊಂಡವನ ಪಕ್ಕ ಹಸೆಮಣೆಯಲ್ಲಿ ಕೂರುವುದು ಹೇಗೆ? ಇದನ್ನು ಯಾರಿಗೆ ಹೇಳುವುದು? ನಡುಮನೆಯಲ್ಲಿ ಹೊರಗಿನವರು ಬಂದುಹೋಗುತ್ತಾರೆ, ಬೆಳೆದ ಹುಡುಗಿ ಕಣ್ಣಿಗೆ ಬೀಳಬಾರದು ಎಂದು ಅಜ್ಜಿ ಮದ್ದಿನ ಕೋಣೆಯ ಅರ್ಧ ಖಾಲಿ ಮಾಡಿಸಿ ನನಗೆ ಅಲ್ಲಿ ಚಾಪೆ ಹಾಸಿಕೊಟ್ಟಳು. ಒಂದೇ ಬಾಗಿಲು, ಅದೂ ನಡುಮನೆಗೆ. ದನದ ಕೊಟ್ಟಿಗೆಯ ಕಡೆಗೆ ಒಂದು ಕಂಬಿ ಕಿಟಕಿ, ಕತ್ತು ಉದ್ದ ಮಾಡಿದರೂ ಎತ್ತಿನ ಬೆನ್ನು ಮಾತ್ರ ಕಾಣುವಷ್ಟು ಎತ್ತರದಲ್ಲಿ. ಉಸಿರು ಕಟ್ಟುತ್ತಿತ್ತು. ಶಾಲೆಯ ಗಂಟೆ ಅಲ್ಲಿಗೆ ಕೇಳಿಸುತ್ತಿತ್ತು, ಅದು ಕೇಳಿಸದಿದ್ದರೆ ಎಷ್ಟೋ ವಾಸಿಯಿತ್ತು. ಅದು ಹೊಡೆದಾಗಲೆಲ್ಲ ಮೈಯೆಲ್ಲ ಉರಿದು, ಚಾಪೆಯ ಕಡ್ಡಿ ಕಿತ್ತು ಕಿತ್ತು ರಾಶಿ ಹಾಕುತ್ತಿದ್ದೆ.

ಮಾಡಲು ಕೆಲಸವಿರಲಿಲ್ಲವಾದ್ದರಿಂದ ನೋಡತೊಡಗಿದೆ. ಮೊದಲು ಅಪ್ಪನ ನೀಲಿ ಗೋಡೆ. ಯಾವ ಹನಿ ಮೊದಲು ಬಿದ್ದದ್ದು, ಯಾವುದು ಆಮೇಲೆ, ಹತ್ತಿರದಿಂದ ಚಿಮ್ಮಿಸಿದಾಗ ಗೆರೆ ಹೇಗೆ ಇಳಿಯಿತು, ದೂರದಿಂದ ಚಿಮ್ಮಿಸಿದಾಗ ಹೇಗೆ ಹುಡಿಯಾಗಿ ಕೂತಿತು, ಎಲ್ಲ ಬಾಯಿಪಾಠವಾಯಿತು. ಆಮೇಲೆ ಮೂಲೆಯಲ್ಲಿದ್ದ ಡಬ್ಬಿಗಳು. ಮಾಟು ಪೊಂಗಲಿಗೆ ಎತ್ತಿನ ಕೊಂಬಿಗೆ ಬಳಿಯುವ ಎನಾಮೆಲ್ ಬಣ್ಣ ಅದು. ಆ ಡಬ್ಬಿಗಳದೂ ಒಂದು ಜಗಳವಿತ್ತು. ಅಪ್ಪನಿಗೆ ಎರಡು ಕೊಂಬೂ ನೀಲಿಯಾಗಬೇಕು. ಅಜ್ಜಿಗೆ ಕೆಂಪು. ಊರಲ್ಲಿ ಕೆಲವರು ತಮ್ಮ ಪಕ್ಷದ ಬಣ್ಣವನ್ನೇ ಎತ್ತಿನ ತಲೆಗೂ ಹಚ್ಚುತ್ತಿದ್ದ ಕಾಲ, ನೀಲಿ ಯಾವ ಪಕ್ಷದ್ದು ಎಂದು ಯಾರೋ ಅಪ್ಪನನ್ನು ಕೇಳಿದ್ದಕ್ಕೆ ದ್ರಾಕ್ಷಿ ಪಕ್ಷದ್ದು ಎಂದಿದ್ದನಂತೆ. ಹೀಗಾಗಿ ಎರಡು ಬಣ್ಣವೂ ಮನೆಗೆ ಬಂದು ಎರಡೂ ಅರ್ಧರ್ಧ ಉಳಿಯುತ್ತಿದ್ದವು. ಮುಚ್ಚಳ ತೆರೆದರೆ ಮೇಲೆ ಕೆನೆಗಟ್ಟಿರುತ್ತಿತ್ತು. ಬೆರಳಿನಿಂದ ಒತ್ತಿದರೆ ಕೆನೆ ಸುಕ್ಕಾಗಿ, ಬಿರಿದು, ಒಳಗಿನಿಂದ ಹೊಸ ಬಣ್ಣ ಜಿನುಗುತ್ತಿತ್ತು. ನಾನು ದಿನವೂ ಒಂದಿಷ್ಟು ಕೆನೆ ಒಡೆಯುತ್ತಿದ್ದೆ. ಈಗಲೂ ನನ್ನ ಚಿತ್ರಗಳಲ್ಲಿ ಬಣ್ಣವನ್ನು ಬೇಕೆಂದೇ ದಪ್ಪ ಸುರಿದು, ಕೆನೆಗಟ್ಟಿಸಿ, ಕರಣೆಯ ತುದಿಯಿಂದ ಸೀಳುತ್ತೇನೆ.

ಹೂ ಇಡಲು ಮಾಮನ ಮನೆಯವರು ಬರುವುದು ಗೊತ್ತಾಯಿತು. ಹುಡುಗನ ತಾಯಿ ಹುಡುಗಿಯ ಮುಡಿಗೆ ಹೂ ಇಟ್ಟರೆ ಅಲ್ಲಿಗೆ ಮಾತು ಮುಗಿದಂತೆ, ಆಮೇಲೆ ಹಿಂದೆ ಸರಿದವರು ಯಾರೂ ಇಲ್ಲ. ನಾನು ಅವ್ವನ ಸೆರಗು ಹಿಡಿದು ಅತ್ತೆ. ಅವ್ವ ನನ್ನ ತಲೆಗೆ ಎಣ್ಣೆ ಒತ್ತುತ್ತಿದ್ದವಳು ಕೈ ನಿಲ್ಲಿಸಿದಳು.

"ಅಣ್ಣನ ಕೂಡ ನಾ ಎಂಗೆ ಬ್ಯಾಡ ಅನ್ಲಿ, ವೀರು? ಅವ್ನು ನಂಗೆ ತಾಯಿ ಆಗಿದ್ದೋನು."

ಅಷ್ಟು ಹೇಳಿ ಮತ್ತೆ ಎಣ್ಣೆ ಒತ್ತಿದಳು. ನನಗೆ ಅವಳ ಮೇಲೆ ಕೆಟ್ಟ ಕೋಪ ಬಂತು.

ಆ ದಿನ ಬೆಳಿಗ್ಗೆ ಅವ್ವ ಬಕೆಟ್ಟಿನಲ್ಲಿ ಬಗ್ಗಡ ಕಲಸಿ ತಂದಿಟ್ಟು, ಅತ್ತೆ ಕೋಣೆಯೊಳಗೆ ಬಂದೇ ನಿನಗೆ ಹೂ ಇಡುವುದು, ಬೇಗ ಸಾರಿಸು, ಅವರು ಬರುವುದರೊಳಗೆ ಒಣಗಲಿ ಎಂದು ಬಾಗಿಲೆಳೆದುಕೊಂಡು ಹೋದಳು. ಆಚೆ ನಡುಮನೆಯಲ್ಲಿ ಗಂಡಸರು ತೋರಣ ಕಟ್ಟುತ್ತಿದ್ದರು. ನೆಲ ಖಾಲಿ ಮಾಡಲೆಂದು ನಾನು ಡಬ್ಬಿಗಳನ್ನು ಒಂದೊಂದಾಗಿ ಬಾಗಿಲ ಬಳಿಗೆ ಸಾಗಿಸಿದೆ. ನೀಲಿ ಡಬ್ಬಿಯ ಮುಚ್ಚಳ ನಾನೇ ಸಡಿಲಿಸಿದ್ದೆನಲ್ಲ, ಎತ್ತುವಾಗ ಕೈಜಾರಿ ಹೊಸ್ತಿಲ ಬುಡದಲ್ಲೇ ಮಗುಚಿಕೊಂಡಿತು. ತೆಂಗಿನ ನಾರಿನಿಂದ ಒರೆಸಿದೆ, ಇನ್ನಷ್ಟು ಹರಡಿತು. ಸಗಣಿಯಲ್ಲಿ ಮುಚ್ಚಿಬಿಡೋಣ ಎಂದು ಅದರ ಮೇಲೆ ಬಗ್ಗಡ ಬಳಿದೆ. ನೀರಿನ ಸಗಣಿಗೂ ಎಣ್ಣೆಯ ಬಣ್ಣಕ್ಕೂ ಕೂಡಿಬರಲಿಲ್ಲ. ನೀಲಿ ಒಡೆದು, ಚುಕ್ಕಿಯಾಗಿ, ಎಳೆಯಾಗಿ, ಹಸಿರುಗಪ್ಪು ನೆಲದಿಂದ ಮೇಲೆದ್ದು ಬಂತು. ಅದರ ಅಂಚಿನಲ್ಲಿ ಎಣ್ಣೆ ಹೀರಿ ತೆಳ್ಳನೆಯ ಕಂದು ಬಳೆ ಮೂಡಿತು. ನಾನು ಒರೆಸುವುದನ್ನು ಮರೆತು ನೋಡಿದೆ.

ಚೆಲ್ಲಿದ್ದು ಆಕಸ್ಮಿಕ. ಆಮೇಲಿನದು ಅಲ್ಲ. ಕೆಂಪು ಡಬ್ಬಿ ತೆರೆದು ಬೇವಿನ ಕಡ್ಡಿ ಅದ್ದಿ ನೆಲದ ಮೇಲೆ ಎತ್ತಿ ಹಿಡಿದೆ. ಬಣ್ಣ ನೂಲಾಗಿ ಇಳಿಯಿತು. ಕೈ ನಿಧಾನವಾದರೆ ನೂಲು ಸುರುಳಿ ಸುತ್ತುತ್ತಿತ್ತು, ಬೀಸಿದರೆ ಹರಿದು ಹನಿಯಾಗುತ್ತಿತ್ತು. ಅಪ್ಪ ಪಂಪಿನಿಂದ ಗೋಡೆಗೆ ಮಾಡಿದ್ದನ್ನು ನಾನು ಕಡ್ಡಿಯಿಂದ ನೆಲಕ್ಕೆ ಮಾಡುತ್ತಿದ್ದೆ. ಬಗ್ಗಡ ಬಳಿಯುವುದು, ಬಣ್ಣ ಸುರಿಯುವುದು, ಹಿಡಿ ಸುಣ್ಣ ತೂರುವುದು, ಹಿಂದೆ ಸರಿಯುವುದು. ಇಷ್ಟು ದಿನ ಒಳಗೆ ಕಟ್ಟಿಟ್ಟುಕೊಂಡಿದ್ದ ಸಿಟ್ಟೆಲ್ಲ ತೋಳಿಗೆ ಇಳಿದಿತ್ತು. ಸುಖವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಹಿಂದಕ್ಕೆ ಸರಿಯುತ್ತ ಸಾರಿಸುವುದು ಕೈಕಾಲಿಗೆ ರೂಢಿಯಾಗಿತ್ತು. ಈ ಸಲ ಬಾಗಿಲು ಬೆನ್ನ ಹಿಂದಿಲ್ಲ, ಎದುರಿಗಿದೆ ಎಂಬುದು ತಲೆಗೆ ಹೋಗಲೇ ಇಲ್ಲ. ಬೆನ್ನಿಗೆ ಗೋಡೆ ತಾಗಿದಾಗ ಎಚ್ಚರಾಯಿತು. ಕಿಟಕಿಯ ಕೆಳಗಿನ ಮೂಲೆ, ನಾನು ಕೂರುವಷ್ಟು ಒಣ ನೆಲ, ಅಷ್ಟೇ. ಮನೆಯವರೆಲ್ಲ ಸೇರಿ ನನ್ನನ್ನು ಒಂದು ಕೋಣೆಯಲ್ಲಿ ಹಾಕಿದ್ದರು. ನಾನೇ ನನ್ನನ್ನು ಒಂದು ಮೂಲೆಗೆ ತಂದು ಹಾಕಿಕೊಂಡಿದ್ದೆ. ಆಚೆ ನಾದಸ್ವರದವರ ಬದಲು ತಂದಿದ್ದ ರೇಡಿಯೋ ಕೂಗತೊಡಗಿತು. ಮಾಮನ ಮನೆಯವರು ಬಂದಿದ್ದರು.

ಬಾಗಿಲು ತೆರೆದವಳು ಅಜ್ಜಿ.

"ಅಯ್ಯೋ ಪಾವೀ! ಏನ್ಡೀ ಇದು? ಪೇಯಿ ಮೆಟ್ತಾ ನಿಂಗೆ?"

ಅವಳ ಹಿಂದೆ ಅಪ್ಪ ಬಂದ. ಅವನು ನೆಲ ನೋಡಿದ, ತನ್ನ ಗೋಡೆ ನೋಡಿದ, ನನ್ನನ್ನು ನೋಡಿದ. ಬೈಯಲಿಲ್ಲ.

"ಎದ್ದು ಬಾ ಪುಳ್ಳೆ. ಎಲ್ರೂ ಕಾಯ್ತಾವ್ರೆ. ನಲ್ಲ ನೇರ ಓಗ್ತದೆ, ಒಳ್ಳೆ ಗಳ್ಗೆ ಮೀರ್ತದೆ."

"ನೆಲ ಒದ್ದೆ ಐತೆ ಅಪ್ಪಾ. ಎಂಗ್ ಬರ್ಲಿ?"

ನಾನು ಚಾಲಾಕಿತನದಿಂದ ಹೇಳಿದ್ದಲ್ಲ. ನಿಜಕ್ಕೂ ನನಗೆ ಕಾಲಿಡಲು ಭಯವಾಗಿತ್ತು. ಶುಭಕಾರ್ಯಕ್ಕೆ ಸಾರಿಸಿದ ನೆಲ ಅದು. ಹೊಸ್ತಿಲ ಆಚೆ ಹೆಂಗಸರು ಗುಂಪುಗೂಡಿದರು. ಹೂವಿನ ತಟ್ಟೆ ಹಿಡಿದು ಬಂದ ಅತ್ತೆ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಹೋದಳು. ಹಲಗೆ ಹಾಕೋಣ ಎಂದರು ಯಾರೋ, ಹಲಗೆ ಹಾಕಿದರೂ ತುಳಿದಂತೆಯೇ ಎಂದಳು ಅಜ್ಜಿ. ಕೊನೆಗೆ ಅಪ್ಪ ಅವ್ವನ ಕಡೆ ತಿರುಗಿ, ಹೆತ್ತವಳು ನೀನು, ನೀನೇ ಏನಾದರೂ ಮಾಡು ಎಂದ.

ಅವ್ವ ಹೊಸ್ತಿಲ ಮೇಲೆ ನಿಂತಳು. ಅವಳು ಮದುವೆಯಾಗಿ ಬಂದಂದಿನಿಂದ ಆ ಮನೆಯ ಹಸಿ ನೆಲದ ಮೇಲೆ ಒಂದು ಬೆರಳ ಗುರುತು ಬಿಟ್ಟವಳಲ್ಲ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬಲಗಾಲು ನೀಲಿಯ ಮೇಲೆ ಇಟ್ಟಳು. ಪಚಕ್ಕೆಂದಿತು. ಯಾರೋ ಬಾಯಿ ಬಡಿದುಕೊಂಡರು. ಒಂದೊಂದೇ ಹೆಜ್ಜೆ ಕಿತ್ತಿಡುತ್ತ ಅವಳು ನನ್ನ ಕಡೆಗೆ ಬರುತ್ತಿದ್ದರೆ, ರಟ್ಟೆ ಹಿಡಿದು ಎಳೆದುಕೊಂಡು ಹೋಗಲು ಬರುತ್ತಿದ್ದಾಳೆ ಎಂದು ನಾನು ಗೋಡೆಗೆ ಒತ್ತಿಕೊಂಡೆ. ಅಲ್ಲಿದ್ದವರೆಲ್ಲ ಹಾಗೆಯೇ ಅಂದುಕೊಂಡಿರಬೇಕು. ಅವ್ವ ಬಂದು, ತಿರುಗಿ, ನನ್ನ ಪಕ್ಕ ಇಕ್ಕಟ್ಟಿನಲ್ಲಿ ಕೂತಳು.

ಮಾಮ ಹೆಂಗಸರನ್ನು ಸರಿಸಿ ಮುಂದೆ ಬಂದ. ತಂಗಿ ತುಳಿದ ಮೇಲೆ ತನಗೇನು ಎಂದು ವೇಷ್ಟಿ ಎತ್ತಿಕಟ್ಟಿ ಕಾಲೆತ್ತಿದ.

"ಅಣ್ಣಾ, ಸಾರ್ಸಿದ ನೆಲ. ಕಾಲು ಮಡಗ್ಬ್ಯಾಡ."

"ನೀನೇ ತುಳ್ದಲ್ಲ ತಾಯೀ?"

"ನಾ ತುಳ್ದಾಯ್ತು. ಬರೋ ಪಾಪ ನಂಗೇ ಬರ್ಲಿ. ನಿಂಗ್ ಬ್ಯಾಡ."

"ಸರಿ, ಒಣಗ್ಲಿ. ಕೂತಿರ್ತೀವಿ. ಯಾವಾಗ ಒಣಗ್ತದೆ?"

ಅವ್ವ ನೆಲವನ್ನೊಮ್ಮೆ ನೋಡಿದಳು. ಅವಳ ಭುಜ ನನ್ನ ಭುಜಕ್ಕೆ ಒತ್ತಿಕೊಂಡಿತ್ತು, ಜ್ವರ ಬಂದವರ ಹಾಗೆ ಸುಡುತ್ತಿತ್ತು.

"ಗೊತ್ತಿಲ್ಲೆ ಅಣ್ಣಾ. ಇದು ಬರೀ ಸಗ್ಣಿ ಅಲ್ವಲ್ಲ."

ಮಾಮನಿಗೆ ಅರ್ಥವಾಯಿತು. ಎತ್ತಿದ ಕಾಲನ್ನು ಹೊಸ್ತಿಲ ಮೇಲೆಯೇ ಇಳಿಸಿದ. ಅವನ ಮುಖ ನಾನು ಮರೆತಿಲ್ಲ. ಕೋಪವಿರಲಿಲ್ಲ ಅದರಲ್ಲಿ. ತಂಗಿ ಎಲ್ಲಿ ಹೋದಳು ಎಂದು ಹುಡುಕುತ್ತಿದ್ದಂತಿತ್ತು. ಅವನು ಹೊರಗೆ ಯಾರೊಡನೆ ಎಷ್ಟು ತಮಿಳು ಆಡಿದರೂ ನಮ್ಮ ಹೊಸ್ತಿಲು ತುಳಿದ ಕೂಡಲೇ ನಮ್ಮ ಮನೆಮಾತಿಗೆ ಹೊರಳುವವನು. ಆ ದಿನ ವೇಷ್ಟಿ ಕೆಳಗಿಳಿಸಿ ಕೈಮುಗಿದು, ಅಂಗಡಿಯವರಿಗೆ ಹೇಳುವಂತೆ ತಮಿಳಿನಲ್ಲಿ ಹೇಳಿದ.

"ಸರಿಮ್ಮಾ. ವರ್ರೋಂ."

ಹೋಗಿಬರುತ್ತೇವೆ ಎಂದವನು ಮತ್ತೆ ಬರಲಿಲ್ಲ. ಹೂವಿನ ತಟ್ಟೆಯೂ ಅವರ ಜೊತೆ ಹಿಂದಕ್ಕೆ ಹೋಯಿತು. ಅಜ್ಜಿ ನಡುಮನೆಯಲ್ಲಿ ಕೂತು ರಾಗ ಎಳೆದು ಅಳುತ್ತಿದ್ದಳು. ನೆಲ ಗಟ್ಟಿಯಾಗುವ ತನಕ ನಾವಿಬ್ಬರೂ ಮೂಲೆಯಲ್ಲೇ ಇದ್ದೆವು. ಎನಾಮೆಲ್ಲಿನ ವಾಸನೆಗೆ ತಲೆ ಸುತ್ತುತ್ತಿತ್ತು. ಅವ್ವ ಅಳಲೂ ಇಲ್ಲ, ನನ್ನನ್ನು ಬೈಯಲೂ ಇಲ್ಲ, ನೆಲವನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಕೇಳಿದಳು.

"ಏನು ಇದು, ವೀರು?"

"ಗೊತ್ತಿಲ್ಲ ಅವ್ವಾ."

"ಇರ್ಲಿ ಬುಡು."

ಆ ಒಂದು ದಿನದಿಂದ ನನ್ನ ಬಾಳು ಬೆಳಗಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ದೆವ್ವ ಮೆಟ್ಟಿದೆ ಎಂದು ಊರು ತುಂಬ ಮಾತಾಯಿತು, ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. ಬೇರೆ ಸಂಬಂಧವೂ ಬರಲಿಲ್ಲ, ಶಾಲೆಯ ಚೀಲವೂ ಬರಲಿಲ್ಲ. ಮದ್ದಿನ ಕೋಣೆಯಲ್ಲಿಯೇ ಕೊಳೆತೆ. ನೆಲವಂತೂ ಮತ್ತೆ ಸಾರಿಸಲು ಬಗ್ಗಲಿಲ್ಲ, ಎನಾಮೆಲ್ಲಿನ ಮೇಲೆ ಸಗಣಿ ನಿಲ್ಲುವುದಿಲ್ಲ, ಒಣಗಿದರೆ ಹಪ್ಪಳವಾಗಿ ಏಳುತ್ತದೆ. ಅಪ್ಪ ಒಂದು ಸಲ ಸಲಿಕೆ ತಂದು ಕೆತ್ತಲು ನಿಂತ. ಅವ್ವನ ಹೆಜ್ಜೆಗಳನ್ನು ನೋಡಿ ಸಲಿಕೆಯನ್ನು ಗೋಡೆಗೆ ಒರಗಿಸಿ ಹೋದ. ನಾನು ಆ ಹೆಜ್ಜೆಗಳನ್ನು ನೋಡುತ್ತ ಬೆಳೆದೆ. ಹೋಗುವ ಹೆಜ್ಜೆಗಳಿರಲಿಲ್ಲ, ಬಂದವು ಮಾತ್ರ ಇದ್ದವು. ಆ ಕೋಣೆಯಿಂದ ನನ್ನನ್ನು ಮಧುರೆಗೆ, ಪರೀಕ್ಷೆಗೆ, ಆಮೇಲೆ ಬಣ್ಣದ ಕಲಿಕೆಗೆ ಕಳಿಸಲು ಅವ್ವ ಅಪ್ಪನೊಡನೆ, ಅಜ್ಜಿಯೊಡನೆ ವರ್ಷಗಟ್ಟಲೆ ಹಟ ಹಿಡಿಯಬೇಕಾಯಿತು. ನಾನು ಹೊರಬಿದ್ದೆ. ಅವಳು ಅಲ್ಲೇ ಉಳಿದಳು. ಪೊಂಗಲ್ ಬಂದಾಗ ಬಾಗಿಲ ಕಡೆ ನೋಡುವುದನ್ನು ಮಾತ್ರ ಬಿಡಲಿಲ್ಲ. ಕಬ್ಬೂ ಬರಲಿಲ್ಲ, ಸೀರೆಯೂ ಬರಲಿಲ್ಲ.

ನಮ್ಮಲ್ಲಿ ಹೆಂಗಸು ಸತ್ತರೆ ಅವಳ ಮೈಮೇಲೆ ಕೊನೆಯದಾಗಿ ಹೊದಿಸುವುದು ತವರಿನಿಂದ ಬಂದ ಹೊಸ ಸೀರೆಯನ್ನು. ಅವ್ವ ಹೋದಾಗ ತೇವಾರಕ್ಕೆ ಸುದ್ದಿ ಕಳಿಸಿ, ಬಿಸಿಲು ಇಳಿಯುವ ತನಕ ಕಾದೆವು. ಮಾಮ ಆಗಲೇ ಇರಲಿಲ್ಲ, ಅವನ ಮಗ ಇದ್ದ. ಯಾರೂ ಬರಲಿಲ್ಲ. ಊರ ಹೆಂಗಸರು ನನ್ನ ಮುಖ ನೋಡಿದರು. ನಾನು ಅವ್ವನ ಪಾದಗಳನ್ನು ನೋಡಿದೆ. ಹಿಮ್ಮಡಿಯ ಬಿರುಕುಗಳಲ್ಲಿ ಬಹಳ ಕಾಲ ಉಳಿದಿದ್ದ ನೀಲಿ ಎಂದೋ ಹೋಗಿತ್ತು. ನನಗೆ ಸಿಕ್ಕ ಬಾಗಿಲಿಗೆ ಬೆಲೆಯಾಗಿ ಅವಳು ತನ್ನ ತವರನ್ನೇ ಕೊಟ್ಟಿದ್ದಳು. ಅದು ಅವಳಿಗೆ ಆ ಮೊದಲ ಹೆಜ್ಜೆ ಇಡುವಾಗಲೇ ಗೊತ್ತಿತ್ತು.

ದಿಂಡಿಗಲ್ಲಿನ ಶೆಡ್ಡಿನಲ್ಲಿ ಈಗಲೂ ಬಾಗಿಲಿಂದ ಶುರುಮಾಡುತ್ತೇನೆ. ತಳಕ್ಕೆ ಮೊಳೆ ಹೊಡೆದು ತೂತು ಮಾಡಿದ ಡಬ್ಬಿಯಿಂದ ಬಣ್ಣ ಇಳಿಸುತ್ತ, ಸವೆದ ಪೊರಕೆಯಿಂದ ಎಳೆಯುತ್ತ, ಸುಣ್ಣ ತೂರುತ್ತ ಹಿಂದಕ್ಕೆ ಸರಿಯುತ್ತೇನೆ. ಮೊಣಕಾಲು ಮಾತು ಕೇಳುವುದಿಲ್ಲ, ಆದರೂ ಬೆನ್ನಿಗೆ ಗೋಡೆ ತಾಗುವ ತನಕ ಬಿಡುವುದಿಲ್ಲ. ನನ್ನ ಯಾವ ದೊಡ್ಡ ಚಿತ್ರವನ್ನು ನೋಡಿದರೂ ಒಂದು ಮೂಲೆಯಲ್ಲಿ ಬಣ್ಣ ಮುಟ್ಟದ ಬರಿ ಬಟ್ಟೆ ಕಾಣುತ್ತದೆ. ನಾನು ಕೂತ ಜಾಗ ಅದು. ಒಬ್ಬಳು ಕೂರುವುದಕ್ಕೆ ಅಷ್ಟೊಂದು ಬೇಕಾಗಿಲ್ಲ, ಇನ್ನೂ ಹತ್ತಿರದವರೆಗೆ ಬಣ್ಣ ತರಬಹುದು. ಇಬ್ಬರಿಗಾಗುವಷ್ಟು ಬಿಟ್ಟುಕೊಂಡು ಕೂರುತ್ತೇನೆ.